ಗಂಟಿನೊಳಗಿನ ನೀರು

ಸ್ತನದಲ್ಲಿ ಗಂಟೊಂದು ಕೈಗೆ ತಗುಲಿದರೆ ಯಾವ ಹೆಂಗಸಿಗೂ ಎದೆ ಝಲ್ಲೆನ್ನುವುದು ಸಹಜ. ಅಂಥವುಗಳಲ್ಲಿ ಹೆಚ್ಚಿನವು ನಿರಪಾಯಕರ. ಆದರೆ ಯಾವುದು ಕ್ಯಾನ್ಸರ್ ಎಂಬುದನ್ನು ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿಯೇ ಹೇಳಬೇಕು. ಸೂಜಿಗೆ ಮೊದಲೇ ಸುಳಿವು ಕೊಡುವ ವಿಧಾನವೊಂದರ ಮೂಲ ನೀರಿನ ಅಲೆದಾಟದಲ್ಲಿದೆ.

ಪರಾಗದ ಸೂಕ್ಷ್ಮ ಕಣಗಳು ನೀರಿನಲ್ಲಿ ಸುಮ್ಮನಿರದೆ ಅಲೆಯುವುದನ್ನು 1827ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಕಂಡರು. ನೀರಿನ ಅಣುಗಳೇ ಅವನ್ನು ತಳ್ಳುತ್ತವೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕಹಾಕಿ ತೋರಿಸಿದರು. ಅಣುಗಳ ಈ ಅಲೆದಾಟವನ್ನು 1980ರ ದಶಕದ ನಡುವೆ ಎಂ.ಆರ್.ಐ. ಚಿತ್ರಕ್ಕಿಳಿಸಿದವರು ಫ್ರಾನ್ಸಿನ ವೈದ್ಯ ಡೆನಿ ಲ ಬಿಹಾನ್. ಅವರು ಹೊರಟಿದ್ದು ಯಕೃತ್ತಿನ ಗೆಡ್ಡೆಗಳನ್ನು ಗುರುತಿಸಲು. ಉಸಿರಿನೊಡನೆ ಯಕೃತ್ತು ಅಲುಗಿ ಚಿತ್ರ ಕೆಟ್ಟಿತು, ಮಿದುಳಿನತ್ತ ತಿರುಗಿದರು! ಸ್ತನದ ಸರದಿ ಬಂದದ್ದು ಆಮೇಲೆ.

ಕ್ಯಾನ್ಸರಿನಲ್ಲಿ ಜೀವಕೋಶಗಳು ಜಾತ್ರೆಯ ಜನದಂತೆ ಒತ್ತೊತ್ತಾಗಿರುತ್ತವೆ. ನಡುವಿನ ನೀರಿಗೆ ಓಡಾಡಲು ಎಡೆ ಸಾಲದು. ನಿರಪಾಯದ ಗಂಟಿನಲ್ಲಿ ಸಾಮಾನ್ಯವಾಗಿ ಅಷ್ಟು ಇಕ್ಕಟ್ಟಿಲ್ಲ. ಎಂ.ಆರ್.ಐ.ಯಲ್ಲಿ ಸಂಶಯ ತೋರಿದ ಗಂಟುಗಳ ಬಗ್ಗೆ ಅಮೆರಿಕದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಈ ಅಳತೆಗೆ ತಕ್ಕ ಮಿತಿ ಇಟ್ಟಿದ್ದರೆ ಒಂದು ಕ್ಯಾನ್ಸರೂ ಕೈತಪ್ಪದೆ ಸುಮಾರು ಐದರಲ್ಲೊಂದು ಸೂಜಿ ಪರೀಕ್ಷೆ ಉಳಿಯುತ್ತಿತ್ತು. ಆದರೆ ಲೋಳೆ ತುಂಬಿದ ಕೆಲವು ಕ್ಯಾನ್ಸರುಗಳಲ್ಲಿ ನೀರು ಸರಾಗವಾಗಿ ಓಡಾಡಿ, ನಿರಪಾಯದ ವೇಷ ತೊಡುತ್ತದೆ. ವೈದ್ಯರು ಸೂಜಿಯನ್ನಿನ್ನೂ ಬದಿಗಿಟ್ಟಿಲ್ಲ.