ರೀಸಸ್ ಕೋತಿಯ ಶ್ವಾಸಕೋಶ ನುಸಿ: ಪ್ರಯೋಗಾಲಯ ಚರಿತ್ರೆಯ ಒಂದು ಅಧ್ಯಾಯ

ಇಪ್ಪತ್ತನೆಯ ಶತಮಾನದ ವೈದ್ಯವಿಜ್ಞಾನದ ಚರಿತ್ರೆಯಲ್ಲಿ ಉತ್ತರ ಭಾರತದ ರೀಸಸ್ ಕೋತಿಗೆ ದೊಡ್ಡ ಸ್ಥಾನವಿದೆ. ಅದು ಸಾಗರ ದಾಟುವಾಗ ಎದೆಯೊಳಗೆ ಹೊತ್ತೊಯ್ದ ಸಹಪ್ರಯಾಣಿಕನ ಕಥೆ ಮಾತ್ರ ಅಷ್ಟಾಗಿ ಪರಿಚಿತವಲ್ಲ. ನ್ಯೂಮೋನಿಸ್ಸಸ್ ಸಿಮಿಕೋಲ ಎಂಬ ಈ ನುಸಿಯನ್ನು ಅಮೆರಿಕದ ನೇಥನ್ ಬ್ಯಾಂಕ್ಸ್ 1901ರಲ್ಲಿ ವರ್ಣಿಸಿ ಹೆಸರಿಸಿದರು.

ಇದರ ಉದ್ದ ಒಂದು ಮಿಲಿಮೀಟರಿಗೂ ಕಡಿಮೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಬೆಳಕಿಗೆ ಬಂದ ಮಂಗನಕಾಯಿಲೆಯ ವಾಹಕವಾದ ಉಣುಗು ಇದರ ದೂರದ ಬಂಧು. ಆದರೆ ಉಣುಗು ಹೊರಮೈಗೆ ಅಂಟಿ, ರಕ್ತ ಹೀರಿ ಕಳಚಿಕೊಳ್ಳುವಂಥದು. ನುಸಿಯಾದರೋ ಶ್ವಾಸಕೋಶದ ಕಿರುನಾಳಗಳಲ್ಲೇ ಬಾಳುವಂಥದು. ಅದು ನೆಲೆಸಿದ ಕಡೆ ಕೆಲವೇ ಮಿಲಿಮೀಟರು ಅಗಲದ ಹಳದಿ ಛಾಯೆಯ ಗಂಟುಗಳೂ ಸುತ್ತ ಹೊಂಗಂದು ವರ್ಣಕವೂ ಉಳಿಯುತ್ತವೆ. ಕೆಲವು ಕೋತಿಗಳು ಕೆಮ್ಮುತ್ತವೆ, ಸೀನುತ್ತವೆ. ಬಹುಪಾಲು ಕೋತಿಗಳು ಆರೋಗ್ಯವಾಗಿಯೇ ಕಾಣುತ್ತವೆ.

ತೊಡಕು ಇರುವುದು ಇಲ್ಲಿಯೇ. ಕ್ಷಕಿರಣ ಚಿತ್ರದಲ್ಲಿ ಈ ಗಂಟುಗಳು ಕ್ಷಯದ ಗಂಟುಗಳನ್ನು ಹೋಲುತ್ತವೆ. ಕೋತಿಶಾಲೆಗಳು ಅತಿಯಾಗಿ ಅಂಜುತ್ತಿದ್ದುದು ಕ್ಷಯಕ್ಕೆ. ಅದು ತಗುಲಿದ ಪ್ರಾಣಿಯನ್ನು ಕೊಲ್ಲುವುದೇ ರೂಢಿ. ಹೀಗಾಗಿ ನುಸಿಯನ್ನು ಕ್ಷಯವೆಂದು ಭ್ರಮಿಸಿದರೆ ಕೋತಿಗೆ ಸಾವು, ಕ್ಷಯವನ್ನು ನುಸಿಯೆಂದು ಭ್ರಮಿಸಿದರೆ ಇಡೀ ಹಿಂಡಿಗೆ ಅಪಾಯ. ಅನಿಲವನ್ನೋ ರೋಗಾಣುವನ್ನೋ ಉಸಿರಾಡಿಸಿ ನಡೆಸಿದ ಪ್ರಯೋಗಗಳಲ್ಲಂತೂ ಯಾವ ಗಾಯ ಪ್ರಯೋಗದ್ದು, ಯಾವುದು ಕಾಡಿನಿಂದ ಬಂದದ್ದು ಎಂಬ ಪ್ರಶ್ನೆ ಫಲಿತಾಂಶದ ಬುಡಕ್ಕೇ ತಾಗುವಂತಹುದು.

1950ರ ದಶಕದಲ್ಲಿ ಪೋಲಿಯೊ ಲಸಿಕೆಗಾಗಿ ಲಕ್ಷಾಂತರ ಕೋತಿಗಳು ಭಾರತದಿಂದ ಹೊರಟವು. ಕಾಡಿನಿಂದ ಹಿಡಿದು ತಂದವುಗಳಲ್ಲಿ ನುಸಿಯಿಲ್ಲದ ಕೋತಿಯೇ ಅಪರೂಪ. ಲಸಿಕೆಗೆ ಬೇಕಾಗಿದ್ದುದು ಮೂತ್ರಪಿಂಡವಾದ್ದರಿಂದ ಶ್ವಾಸಕೋಶ ಯಾರಿಗೂ ಮುಖ್ಯವಾಗಲಿಲ್ಲವೆಂದು ತೋರುತ್ತದೆ. ಆ ಮೂತ್ರಪಿಂಡದಲ್ಲಿ ಅಡಗಿದ್ದ ಎಸ್‌ವಿ40 ವೈರಾಣು 1960ರಲ್ಲಿ ಪತ್ತೆಯಾದಾಗ ಎದ್ದ ಕೋಲಾಹಲದ ಒಂದಂಶವೂ ನುಸಿಯ ಪಾಲಿಗೆ ಬರಲಿಲ್ಲ.

ವಿಕಿರಣ ಪ್ರಯೋಗಗಳಿಗೆ ಕೋತಿಗಳನ್ನು ಬಳಸಿದ ಸುದ್ದಿ ಹೊರಬಿದ್ದ ಮೇಲೆ, ಮೊರಾರ್ಜಿ ದೇಸಾಯಿಯವರ ಸರ್ಕಾರ 1978ರಲ್ಲಿ ರಫ್ತನ್ನು ನಿಷೇಧಿಸಿತು. ಅಮೆರಿಕದ ಕೇಂದ್ರಗಳು ತಮ್ಮಲ್ಲೇ ಹುಟ್ಟಿದ ಕೋತಿಗಳನ್ನು ಹೆಚ್ಚಾಗಿ ಅವಲಂಬಿಸಬೇಕಾಯಿತು. 1980ರ ದಶಕದಲ್ಲಿ ಐವರ್ಮೆಕ್ಟಿನ್ ಔಷಧ ನುಸಿಯನ್ನು ಕೊಲ್ಲುವುದು ಖಚಿತವಾಯಿತು. ಅದಕ್ಕೆ ಮೊದಲು ನುಸಿಮುಕ್ತ ಕೋತಿಯನ್ನು ಪಡೆಯಲು ಇದ್ದ ಭರವಸೆಯ ದಾರಿಯೆಂದರೆ, ಮರಿಯನ್ನು ಹುಟ್ಟಿದೊಡನೆ ತಾಯಿಯಿಂದ ಅಗಲಿಸಿ ಕೈಯಾರೆ ಸಾಕುವುದು. ವಿಸ್ಕಾನ್ಸಿನ್ನಿನ ಹ್ಯಾರಿ ಹಾರ್ಲೊ 1950ರ ದಶಕದಲ್ಲಿ ರೋಗಮುಕ್ತ ಹಿಂಡಿಗಾಗಿ ಹೀಗೆಯೇ ಮರಿಗಳನ್ನು ಬೇರ್ಪಡಿಸಿದ್ದರು. ಆ ಮರಿಗಳು ಪಂಜರದ ತಳಕ್ಕೆ ಹಾಸಿದ್ದ ಬಟ್ಟೆಯನ್ನು ಅಪ್ಪಿಕೊಂಡು, ಅದನ್ನು ತೆಗೆಯಹೋದರೆ ಚೀರಾಡುತ್ತಿದ್ದವು.