ಹರಿಗೋಲು: ಮೀನುಗಾರ ಕೂರುವ ಜಾಗ

ಹರಿಗೋಲು ಎಂದರೆ ಬಿದಿರ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಚೀಲ ಮತ್ತು ಟಾರನ್ನೂ ಹೊದಿಸಿದ ದುಂಡನೆಯ ದೋಣಿ. ಬೆಂಗಳೂರಿನ ಸುತ್ತಮುತ್ತ ಇದಕ್ಕೆ ತೆಪ್ಪ ಎಂಬ ಹೆಸರೇ ರೂಢಿ. ಇತ್ತೀಚೆಗೆ ಫೈಬರ್ ತೆಪ್ಪಗಳೂ ಬಂದಿವೆ. 1520ರ ಸುಮಾರಿಗೆ ವಿಜಯನಗರಕ್ಕೆ (ಇಂದಿನ ಹಂಪೆ) ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ದಾಟುತ್ತಿದ್ದ ಬುಟ್ಟಿದೋಣಿಗಳನ್ನು ವರ್ಣಿಸಿದ್ದಾನೆ. ಹದಿನೈದಿಪ್ಪತ್ತು ಜನ, ಬೇಕೆಂದರೆ ಕುದುರೆ ಎತ್ತುಗಳು ಕೂಡ ಅದರಲ್ಲಿ ಹೊಳೆ ದಾಟುತ್ತಿದ್ದವು. ದೋಣಿ ಮಾತ್ರ ನೇರ ಸಾಗದೆ ಸದಾ ಗಿರಕಿ ಹೊಡೆಯುತ್ತಿತ್ತು. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ, ಆಕಾರ ಬದಲಾಗಿಲ್ಲ. ಮೀನು ಹಿಡಿಯುವ ತೆಪ್ಪಕ್ಕೆ ಇಂದಿಗೂ ಆಸನ ಎಂಬುದಿಲ್ಲ. ಇದನ್ನು ಬಡತನದ ಕುರುಹೆಂದೋ ಹಳೆಯ ಕಾಲದ ಕೊರತೆಯೆಂದೋ ತಿಳಿಯುವುದು ಸುಲಭ. ಆದರೆ ದೋಣಿಯ ಲೆಕ್ಕವನ್ನೂ ಬಲೆಯ ಕೆಲಸವನ್ನೂ ಒಟ್ಟಿಗೆ ನೋಡಿದರೆ, ಆಸನ ಇಲ್ಲದಿರುವುದೇ ಸರಿ ಎಂದು ತೋರುತ್ತದೆ.

ಮೊದಲು ಲೆಕ್ಕ. ದೋಣಿ ವಾಲಿದಾಗ ನೀರು ಅದನ್ನು ಮೇಲಕ್ಕೆ ಒತ್ತುವ ಬಿಂದು ವಾಲಿದ ಕಡೆಗೆ ಸರಿಯುತ್ತದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆಳೆದ ಗೆರೆ ದೋಣಿಯ ನಡುಗೆರೆಯನ್ನು ಕೂಡುವ ಜಾಗಕ್ಕೆ ಮೆಟಾಸೆಂಟರ್ ಎಂದು ಹೆಸರು. ಫ್ರಾನ್ಸಿನ ಪಿಯರ್ ಬೂಗೇ 1746ರಲ್ಲಿ ಪ್ರಕಟಿಸಿದ ಹಡಗುಗಳ ಗ್ರಂಥದಲ್ಲಿ ಇದನ್ನು ವಿವರಿಸಿದ. ಒಟ್ಟು ಭಾರದ ಕೇಂದ್ರ ಈ ಬಿಂದುವಿಗಿಂತ ಕೆಳಗಿದ್ದರೆ ವಾಲಿದ ದೋಣಿ ಮರಳಿ ನೆಟ್ಟಗಾಗುತ್ತದೆ, ಮೇಲಿದ್ದರೆ ಮಗುಚುತ್ತದೆ. ಈಗ ನೀರಿನ ಮಟ್ಟದಲ್ಲಿ 6 ಮೀಟರ್ ಉದ್ದ, 60 ಸೆಂ.ಮೀ. ಅಗಲ ಇರುವ ಒಂದು ಉದ್ದದೋಣಿಯನ್ನು ಊಹಿಸಿಕೊಳ್ಳೋಣ. ಜನ, ಸಾಮಾನು ಸೇರಿ ಒಟ್ಟು ಭಾರ 300 ಕಿಲೊ. ಮೆಟಾಸೆಂಟರ್ ನೀರೊತ್ತುವ ಬಿಂದುವಿನ ಮೇಲೆ ಸುಮಾರು ಒಂದು ಗೇಣು ಎತ್ತರದಲ್ಲಿರುತ್ತದೆ, ಅಷ್ಟೆ. ತಳದಲ್ಲಿ ಕೂತಿದ್ದ 60 ಕಿಲೊ ತೂಕದ ಮೂವರನ್ನು ಒಂದಡಿ ಎತ್ತರದ ಹಲಗೆಗೆ ಏರಿಸಿದರೆ ಭಾರದ ಕೇಂದ್ರ 18 ಸೆಂ.ಮೀ. ಮೇಲೇರುತ್ತದೆ, ಆ ಗೇಣಿನಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ತೆಪ್ಪದ ಕಥೆ ಬೇರೆ. ನೀರಿನ ಮಟ್ಟದಲ್ಲಿ 1.6 ಮೀಟರ್ ಅಡ್ಡಳತೆ, ಒಬ್ಬ ಮೀನುಗಾರ, ಬಲೆ, ಮೀನು ಎಲ್ಲ ಸೇರಿ 150 ಕಿಲೊ ಎಂದಿಟ್ಟುಕೊಂಡರೆ, ಅದೇ ಬಿಂದು ಎರಡು ಮೀಟರಿನಷ್ಟು ಮೇಲಿರುತ್ತದೆ. ಅಗಲ ಹೆಚ್ಚಿದಷ್ಟೂ ಈ ಎತ್ತರ ಅದಕ್ಕಿಂತ ಬಹಳ ವೇಗವಾಗಿ ಹೆಚ್ಚುವುದೇ ಇದರ ಗುಟ್ಟು.

ಹಾಗಿದ್ದರೆ ತೆಪ್ಪದಲ್ಲಿ ಸ್ಟೂಲು ಹಾಕಿಕೊಂಡೇ ಕೂರಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಎತ್ತರವೊಂದೇ ಮಾತಾಗಿದ್ದರೆ ಕೂರಬಹುದಿತ್ತು. ತೆಪ್ಪದ ಅಪಾಯ ಎತ್ತರದಲ್ಲಿಲ್ಲ, ಅಂಚಿನಲ್ಲಿದೆ. ಮೇಲಿನ ಲೆಕ್ಕದ ತೆಪ್ಪದಲ್ಲೇ ಮೀನುಗಾರ ನಡುವಿನಿಂದ 60 ಸೆಂ.ಮೀ. ಪಕ್ಕಕ್ಕೆ ಸರಿದರೆ ಆ ಕಡೆಯ ಅಂಚು ಹತ್ತರಿಂದ ಹದಿನೈದು ಸೆಂ.ಮೀ. ತಗ್ಗುತ್ತದೆ. ಅಲೆಯಿಲ್ಲದ ಕೆಂಗೇರಿ ಕೆರೆಯಲ್ಲಿ ಇದು ದೊಡ್ಡ ವಿಷಯವಲ್ಲ. ಅರ್ಕಾವತಿ ನದಿಯ ಮಂಚನಬೆಲೆ ಜಲಾಶಯದಂಥ ಬಯಲು ನೀರಿನಲ್ಲಿ, ಮಧ್ಯಾಹ್ನದ ಗಾಳಿ ಎದ್ದ ಮೇಲೆ, ಅಷ್ಟು ತಗ್ಗಿದ ಅಂಚಿನ ಮೇಲೆ ಒಂದೇ ಅಲೆ ಹಾದು ಬಂದರೂ ಬಕೆಟ್ಟುಗಟ್ಟಲೆ ನೀರು ಒಳಗೆ ಸೇರುತ್ತದೆ. ಆ ನೀರು ತಗ್ಗಿದ ಕಡೆಗೇ ಹರಿದು ಅಲ್ಲೇ ನಿಂತು, ಅಂಚನ್ನು ಇನ್ನಷ್ಟು ಕೆಳಗೆ ಎಳೆಯುತ್ತದೆ.

ಮೀನುಗಾರನಿಗೆ ಅಂಚಿನ ಕಡೆ ಹೋಗದೆ ವಿಧಿಯಿಲ್ಲ. ಹುಟ್ಟನ್ನು ಮುಂದಿನ ಅಂಚಿನಾಚೆ ನೀರಿಗಿಳಿಸಿ ತನ್ನ ಕಡೆಗೆ ಎಳೆದುಕೊಂಡರೇ ತೆಪ್ಪ ಮುಂದೆ ಸಾಗುವುದು. ಹಾಗಾಗಿ ಅವನು ನಡುವಿಗಿಂತ ಒಂದಿಷ್ಟು ಮುಂದೆ ಕುಕ್ಕರಗಾಲಿನಲ್ಲೋ ಮಂಡಿಯೂರಿಯೋ ಕೂರುತ್ತಾನೆ, ಬಲೆಯ ರಾಶಿ ಬೆನ್ನ ಹಿಂದೆ ಬೀಳುತ್ತದೆ. ಅವನ ಮೈಭಾರಕ್ಕೆ ಎದುರುತೂಕ ಆ ರಾಶಿಯೇ. ಸಂಜೆ ಬಲೆ ಬಿಡುತ್ತ ಹೋದಂತೆ ಹಿಂದಿನ ಭಾರ ಕರಗುತ್ತದೆ, ಅವನು ಗೇಣುಗೇಣಾಗಿ ನಡುವಿಗೆ ಸರಿಯುತ್ತಾನೆ. ಬೆಳಗಿನ ಜಾವ ಅದೇ ಬಲೆ ನೀರು ಕುಡಿದು, ಕಾಟ್ಲಾ ರೋಹುಗಳನ್ನು ಹೊತ್ತು ಬರುವಾಗ ಸರಿದಾಟ ತಿರುಗುಮುರುಗಾಗುತ್ತದೆ. ಎಡ ಮಂಡಿ ಅಂಚಿನ ಬಿದಿರಿಗೆ ಒತ್ತಿಕೊಂಡಿರುತ್ತದೆ, ಬಲಗಾಲು ಹಿಂದಕ್ಕೆ ಚಾಚಿ ತಳವನ್ನು ತುಳಿದಿರುತ್ತದೆ, ಎರಡೂ ಕೈ ಬಲೆಯ ಮೇಲಿರುತ್ತವೆ. ಒಂದೇ ಸರದಿಯಲ್ಲಿ ಕೂರುವ ಜಾಗ ಹತ್ತಾರು ಸಲ ಬದಲಾಗುವಾಗ ಸೀಟನ್ನು ಎಲ್ಲಿಗೆಂದು ಬಿಗಿಯುವುದು? ಎಲ್ಲಿ ಬಿಗಿದರೂ ಒಂದು ಗಳಿಗೆಗೆ ಅದು ಸರಿ, ಉಳಿದ ಗಳಿಗೆಗಳಿಗೆ ಅಡ್ಡಿ. ಜೊತೆಗೆ ಸ್ಟೂಲಿನ ನಾಲ್ಕು ಕಾಲು ಹೆಣಿಗೆಯ ತಳವನ್ನು ನಾಲ್ಕು ಕಡೆ ಚುಚ್ಚಿ ಒತ್ತುತ್ತವೆ.

ಇದಕ್ಕೆ ಎದುರಾಗಿ ವೇಲ್ಸಿನ ಬುಟ್ಟಿದೋಣಿಯನ್ನು ತೋರಿಸುವವರುಂಟು. ಅದರ ನಡುವೆ ಅಡ್ಡಹಲಗೆಯಿದೆ, ಮೀನುಗಾರ ಅದರ ಮೇಲೆಯೇ ಕೂರುತ್ತಾನೆ. ಆದರೆ ಆ ದೋಣಿ ಒಬ್ಬನ ಅಳತೆಯದು; ದಡಕ್ಕೆ ಬಂದ ಮೇಲೆ ಹಲಗೆಗೆ ಕಟ್ಟಿದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಆಮೆಯಂತೆ ದೋಣಿಯನ್ನು ಬೆನ್ನಿಗೇರಿಸಿ ನಡೆಯುತ್ತಾರೆ. ಹಲಗೆ ಎರಡು ಪಕ್ಕಗಳನ್ನು ಬಿಗಿಯಾಗಿಯೂ ಹಿಡಿಯುತ್ತದೆ. ನಮ್ಮ ಕರಾವಳಿಯ ಮರದ ನಾಡದೋಣಿಯ ಅಡ್ಡಹಲಗೆಯೂ ಹೀಗೆಯೇ: ಅಲೆಯ ಹೊಡೆತಕ್ಕೆ ಪಕ್ಕಗಳು ಒಳಕ್ಕೆ ಮುದುಡದಂತೆ, ಹೊರಕ್ಕೆ ಬಾಗದಂತೆ ತಡೆಯುವುದು ಅದರ ಮೊದಲ ಕೆಲಸ, ಕೂರಲು ಆಗಿಬರುವುದು ಆಮೇಲಿನದು. ಅದನ್ನು ಎಲ್ಲಿ ಕೂರಿಸಬೇಕೆಂದು ಹೇಳುವುದು ದೋಣಿಯ ಮೈಯೇ ಹೊರತು ಕೂರುವವನ ಸೊಂಟವಲ್ಲ. ಉದ್ದದೋಣಿಯಲ್ಲಿ ಎತ್ತರ ಎಷ್ಟು ದುಬಾರಿ ಎಂದು ಮೇಲಿನ ಗೇಣಿನ ಲೆಕ್ಕ ತೋರಿಸಿದೆ. ಮೋಟಾರು ಹಿಂದೆ ಕೂತಮೇಲಂತೂ ಐಸು, ಬಲೆ, ಜನ ಎಲ್ಲವನ್ನೂ ಮುಂದಕ್ಕೆ ಹಂಚದಿದ್ದರೆ ಮೂತಿ ಎದ್ದು ಹಿಂಬದಿ ಮುಳುಗುತ್ತದೆ.

ಪ್ರಯಾಣಿಕರ ವಿಷಯ ಪ್ರತ್ಯೇಕ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ಸತ್ತ ಮೇಲೆ, ಜನ ಸಾಗಿಸುವ ದೋಣಿಯಲ್ಲಿ ಇಂತಿಷ್ಟೇ ಮಂದಿ, ಇಲ್ಲೇ ಕೂರಬೇಕು ಎಂಬುದರ ಬಗ್ಗೆ ವಾದವೇ ಬೇಡ. ಅಲ್ಲಿ ಸೀಟು ಜನರನ್ನು ಅಲುಗದಂತೆ ಹಿಡಿಯುತ್ತದೆ. ಮೀನುಗಾರನೋ ಅಲುಗುವುದಕ್ಕೇ ಇರುವವನು.

ಉಳಿದ ಆಕ್ಷೇಪಣೆ ಮೈನೋವಿನದು, ಅದನ್ನು ತಳ್ಳಿಹಾಕಲಾಗದು. ಗಂಟೆಗಟ್ಟಲೆ ಒದ್ದೆ ತಳದಲ್ಲಿ ಕುಕ್ಕರಿಸಿದರೆ ಮಂಡಿ, ಸೊಂಟ ಎರಡೂ ಹಿಡಿಯುತ್ತವೆ. ಅದಕ್ಕೆ ಅಡುಗೆಮನೆಯ ಮಣೆಯೇ ಮದ್ದು: ನಾಲ್ಕು ಬೆರಳು ಎತ್ತರ, ಸಮನಾದ ಅಗಲ ತಳ, ಎತ್ತಿಡಲು ಬರುವಂಥದು. ನೀರಿನಿಂದ ಮೈಯನ್ನು ಮೇಲಿಡುತ್ತದೆ, ಹೆಣಿಗೆಯನ್ನು ಚುಚ್ಚುವುದಿಲ್ಲ, ಅವನು ಸರಿದಲ್ಲಿಗೆ ತಾನೂ ಸರಿಯುತ್ತದೆ. ಬಲೆಗೆ ಸಿಕ್ಕದಂತೆ ಮೂಲೆಗಳನ್ನು ಉಜ್ಜಿ, ಗಿಡ್ಡ ಹಗ್ಗದಲ್ಲಿ ತೆಪ್ಪಕ್ಕೆ ಕಟ್ಟಿಡಿ; ತಳಕ್ಕೆ ಮೊಳೆ ಮಾತ್ರ ಹೊಡೆಯಬೇಡಿ.