ಈ ಹಾಡು ಯಾರದು? – ಊಹೆಯ ಆಟದ ಒಂದು ಚರಿತ್ರೆ

ಒಂದು ಆಟವನ್ನು ನಿಮ್ಮಲ್ಲಿ ಬಹಳ ಮಂದಿ ಆಡಿರುತ್ತೀರಿ. ಕಾಲೇಜಿನ ವಾರ್ಷಿಕೋತ್ಸವದಲ್ಲೋ ವಿದ್ಯಾರ್ಥಿನಿಲಯದ ಕೋಣೆಯಲ್ಲೋ ಒಬ್ಬರು ಹಾಡಿನ ಮೊದಲ ನಾಲ್ಕೈದು ಸೆಕೆಂಡುಗಳನ್ನಷ್ಟೇ ಕೇಳಿಸಿ ನಿಲ್ಲಿಸುತ್ತಾರೆ. ಯಾವ ಹಾಡು, ಯಾರು ಹಾಡಿದ್ದು, ಯಾವ ವರ್ಷದ್ದು ಎಂಬುದನ್ನು ಉಳಿದವರು ಹೇಳಬೇಕು. ಎಲ್ಲರ ಬಾಯಲ್ಲಿರುವ ಹಾಡಾದರೆ ಆಟ ಬೇಗ ಮುಗಿಯುತ್ತದೆ. ಹೆಚ್ಚು ಮಂದಿ ಕೇಳಿರದ ಒಂದು ರಾಕ್ ಹಾಡನ್ನೋ ಮರೆತುಹೋದ ಒಂದು ಚಿತ್ರಗೀತೆಯನ್ನೋ ಹಾಕಿದಾಗ ಆಟಕ್ಕೆ ರಂಗೇರುತ್ತದೆ. ಅಂತ್ಯಾಕ್ಷರಿಗೆ ನೆನಪಿದ್ದರೆ ಸಾಕು. ಈ ಆಟಕ್ಕೆ ಕಿವಿಯೂ ಬೇಕು, ತರ್ಕವೂ ಬೇಕು. ಗಿಟಾರಿನ ನಾದ ಯಾವ ಕಾಲದ್ದು, ಹಾಡುಗಾರರ ಉಚ್ಚಾರ ಯಾವ ಸೀಮೆಯದು, ಧ್ವನಿಮುದ್ರಣ ಹಳೆಯದೋ ಹೊಸದೋ ಎಂದು ಒಂದೊಂದೇ ಸುಳಿವನ್ನು ಹಿಡಿದು ಮುಂದೆ ಹೋಗಬೇಕು.

ಯೋಚಿಸಿ ನೋಡಿದರೆ ಇತಿಹಾಸಕಾರರು ಮಾಡುವ ಕೆಲಸವೂ ಇದೇ. ಹೆಸರಿಲ್ಲದ ಶಾಸನವೊಂದು ಸಿಕ್ಕಾಗ ಅದರ ಲಿಪಿ, ಭಾಷೆ, ಕಲ್ಲು, ಸಿಕ್ಕ ಸ್ಥಳ ಇವುಗಳನ್ನು ನೋಡಿ ಕಾಲವನ್ನು ನಿರ್ಣಯಿಸುತ್ತಾರೆ. ಹಾಡಿನ ಒಡೆಯರನ್ನು ಗುರುತಿಸುವ ಪ್ರಯತ್ನಕ್ಕೂ ಒಂದು ದೀರ್ಘ ಚರಿತ್ರೆಯಿದೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಭಾಷೆಗಳ ಹಾಡುಗಳು ಅಕ್ಕಪಕ್ಕದಲ್ಲೇ ಕೇಳಿಬರುವ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಈ ಚರಿತ್ರೆ ತೀರ ಹತ್ತಿರದ್ದು. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಹಾಡಿನೊಳಗೇ ಹೆಸರು

ಅಚ್ಚು, ಧ್ವನಿಮುದ್ರಣ ಇವೆರಡೂ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಒಂದು ಉಪಾಯವನ್ನು ಕಂಡುಕೊಂಡಿದ್ದರು. ಅದೇ ಅಂಕಿತ. 'ಕೂಡಲಸಂಗಮದೇವ' ಎಂದು ಬಂದರೆ ಬಸವಣ್ಣನವರು, 'ಚೆನ್ನಮಲ್ಲಿಕಾರ್ಜುನ' ಎಂದರೆ ಅಕ್ಕಮಹಾದೇವಿ, 'ಪುರಂದರವಿಠಲ' ಎಂದರೆ ಪುರಂದರದಾಸರು. ಹಾಡು ಬಾಯಿಂದ ಬಾಯಿಗೆ ಎಷ್ಟು ದೂರ ಹೋದರೂ ಕರ್ತೃವಿನ ಗುರುತು ಅದರ ಜೊತೆಗೇ ಹೋಗುತ್ತಿತ್ತು. ಮುಂಡಗೋಡಕ್ಕೆ ತಾಗಿದಂತಿರುವ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ ಬಾಳಿದ ಷರೀಫ ಸಾಹೇಬರು (1819–1889) ತಮ್ಮ ತತ್ವಪದಗಳಲ್ಲಿ ಊರಿನ ಹೆಸರನ್ನೇ ಅಂಕಿತಕ್ಕೆ ಸೇರಿಸಿದರು. ಹೀಗಿದ್ದರೂ ಅಂಕಿತವೊಂದನ್ನೇ ನಂಬುವಂತಿಲ್ಲ. ದೊಡ್ಡವರ ಅಂಕಿತವಿಟ್ಟು ಬೇರೆಯವರು ಹಾಡು ಕಟ್ಟಿರುವುದೂ ಉಂಟು. ಆದ್ದರಿಂದಲೇ ವಿದ್ವಾಂಸರು ಅಂಕಿತದ ಜೊತೆಗೆ ಭಾಷೆ, ಶೈಲಿ, ಹಸ್ತಪ್ರತಿಗಳ ವಯಸ್ಸು ಎಲ್ಲವನ್ನೂ ತೂಗಿ ನೋಡುತ್ತಾರೆ. ಒಂದೇ ಸುಳಿವಿನಿಂದ ತೀರ್ಪು ಕೊಡಬಾರದು ಎಂಬುದು ನಮ್ಮ ಆಟದ ಮೊದಲ ನಿಯಮ.

ಯಂತ್ರ ಬಂದಾಗಲೂ ಇದೇ ಉಪಾಯ ಬೇರೊಂದು ರೂಪದಲ್ಲಿ ಮುಂದುವರಿಯಿತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ಕಂಪನಿ ಮುದ್ರಿಸಿಕೊಂಡಿತು. ಹಾಡು ಮುಗಿಯುತ್ತಿದ್ದಂತೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಮುದ್ರಣವು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಿತ್ತು. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರು ತಟ್ಟೆಯ ಮೇಲೆ ಸರಿಯಾದ ಹೆಸರು ಅಂಟಿಸಲು ಈ ಕೂಗು ನೆರವಾಗುತ್ತಿತ್ತು. ಇದನ್ನು ಯಂತ್ರಯುಗದ ಅಂಕಿತವೆನ್ನಬಹುದು. ಈ ಮಹಾಗಾಯಕಿ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕೊನೆಯುಸಿರೆಳೆದರು.

ಚೀಟಿಯ ಮೇಲಿನ ಹೆಸರು

ಹೆಸರು ಹೇಳುವ ಪದ್ಧತಿ ನಿಂತ ಮೇಲೆ ತಟ್ಟೆಯ ನಡುವೆ ಅಂಟಿಸಿದ ಚೀಟಿಯೇ ಸಾಕ್ಷಿಯಾಯಿತು. ಆದರೆ ಚೀಟಿ ಹೇಳುವುದೆಲ್ಲ ನಿಜವೇ? ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ (1913–2009) ಅವರ ಉದಾಹರಣೆ ನೋಡಿ. 1930ರ ದಶಕದಲ್ಲಿ ಹೊರಬಂದ ಅವರ ಆರಂಭದ ಗ್ರಾಮಫೋನ್ ತಟ್ಟೆಗಳಲ್ಲಿ ಅವರ ಹೆಸರು 'ಗಾಂಧಾರಿ' ಎಂದಿತ್ತು. ಮುಂದೆ ಜಗತ್ತೇ ಮೆಚ್ಚಿದ ಆ ಗಂಭೀರ ಕಂಠವನ್ನಷ್ಟೇ ಬಲ್ಲವರು ಹಳೆಯ ತಟ್ಟೆಯನ್ನು ಕೇಳಿದರೆ ಗುರುತು ಹಿಡಿಯುವುದು ಸುಲಭವಲ್ಲ. ಎಳೆಯ ವಯಸ್ಸಿನಲ್ಲಿ ಅವರ ದನಿ ತೆಳುವಾಗಿತ್ತು. ದನಿಯೂ ಬೇರೆ, ಹೆಸರೂ ಬೇರೆ. ಚೀಟಿಯೊಂದನ್ನೇ ನಂಬಿದವರಿಗೆ ಅವರು ಇಬ್ಬರಾಗಿಯೇ ಉಳಿಯುತ್ತಾರೆ.

ಇದಕ್ಕಿಂತ ದೊಡ್ಡ ಸುದ್ದಿಯಾದದ್ದು 1949ರ 'ಮಹಲ್' ಎಂಬ ಹಿಂದಿ ಚಿತ್ರದ ಹಾಡು. ಸಂಗೀತ ಖೇಮ್‌ಚಂದ್ ಪ್ರಕಾಶ್ ಅವರದು. ಪಾಳುಬಂಗಲೆಯಲ್ಲಿ ನಾಯಕಿ ಹಾಡುವ ಆ ಹಾಡಿನ ತಟ್ಟೆಯ ಮೇಲೆ ಗಾಯಕಿಯ ಹೆಸರು 'ಕಾಮಿನಿ' ಎಂದು ಅಚ್ಚಾಗಿತ್ತು. ಅದು ಚಿತ್ರದಲ್ಲಿ ಮಧುಬಾಲಾ ವಹಿಸಿದ ಪಾತ್ರದ ಹೆಸರು. ಹಾಡು ಆಕಾಶವಾಣಿಯಲ್ಲಿ ಕೇಳಿಬಂದಾಗ, ಇದನ್ನು ನಿಜವಾಗಿ ಹಾಡಿದವರು ಯಾರು ಎಂದು ಶ್ರೋತೃಗಳ ಪತ್ರಗಳು ಬಂದು ಬಿದ್ದವು. ಕೊನೆಗೆ ಧ್ವನಿಮುದ್ರಣ ಕಂಪನಿಯನ್ನು ವಿಚಾರಿಸಿ, ಲತಾ ಮಂಗೇಶ್ಕರ್ ಎಂಬ ಹೆಸರನ್ನು ಬಾನುಲಿಯಲ್ಲಿ ಪ್ರಕಟಿಸಬೇಕಾಯಿತು. ಪತ್ರ ಬರೆದವರಿಗೆ ಬಹುಮಾನದ ಆಸೆಯಿರಲಿಲ್ಲ. ಹಾಡಿದವರ ಹೆಸರು ತಿಳಿಯಬೇಕು ಎಂಬ ಹಟವಷ್ಟೇ ಇತ್ತು. ತೆರೆಯ ಹಿಂದಿನ ಗಾಯಕರಿಗೆ ತಟ್ಟೆಯ ಮೇಲೆ ಸ್ವಂತ ಹೆಸರು ದೊರೆಯಲು ಆ ಹಟವೂ ಒಂದು ಕಾರಣವಾಯಿತು.

ಏಳು ಹಾಡು, ನೂರು ರೂಪಾಯಿ

ಊಹೆಯ ಈ ಹಂಬಲವನ್ನು ಆಟವಾಗಿಸಿದ್ದು ಕೊಲಂಬೋದಿಂದ ಪ್ರಸಾರ ಮಾಡುತ್ತಿದ್ದ ರೇಡಿಯೋ ಸಿಲೋನ್. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಬಿತ್ತು. ಶಾಸ್ತ್ರೀಯ ಸಂಗೀತಕ್ಕೆ ಆದ್ಯತೆ ಕೊಡಬೇಕೆಂಬುದು ಅವರ ನಿಲುವು. ಕೇಳುಗರು ಕೊಲಂಬೋ ಕಡೆಗೆ ಮುಳ್ಳು ತಿರುಗಿಸಿದರು.

1952ರ ಡಿಸೆಂಬರ್ 3ರಂದು ಅಲ್ಲಿ 'ಬಿನಾಕಾ ಗೀತ್‌ಮಾಲಾ' ಆರಂಭವಾಯಿತು. ಅದನ್ನು ನಡೆಸಿಕೊಟ್ಟ ಅಮೀನ್ ಸಯಾನಿ (1932–2024) ಅವರಿಗೆ ಆಗ ಇಪ್ಪತ್ತು ತುಂಬಿರಲಿಲ್ಲ. ಸಂಭಾವನೆ ವಾರಕ್ಕೆ 25 ರೂಪಾಯಿ. ಮುಂದೆ ಜನಪ್ರಿಯ ಹಾಡುಗಳ ಶ್ರೇಯಾಂಕಕ್ಕೆ ಹೆಸರಾದ ಈ ಕಾರ್ಯಕ್ರಮ ಮೊದಲು ಶುರುವಾದದ್ದು ಒಗಟಿನ ರೂಪದಲ್ಲಿ ಎಂಬುದು ಇಂದು ಹೆಚ್ಚಿನವರಿಗೆ ತಿಳಿದಿಲ್ಲ. ಬೇರೆಬೇರೆ ವರ್ಷಗಳ ಚಿತ್ರಗಳಿಂದ ಆರಿಸಿದ ಏಳು ಹಾಡುಗಳನ್ನು ಕ್ರಮ ತಪ್ಪಿಸಿ ಕೇಳಿಸುತ್ತಿದ್ದರು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಕಾಲಾನುಕ್ರಮದಲ್ಲಿ ಜೋಡಿಸಿ ಕೇಳುಗರು ಪತ್ರ ಬರೆಯಬೇಕು. ಬಹುಮಾನದ ಮೊತ್ತ ನೂರು ರೂಪಾಯಿ. ಮೊದಲ ಕಾರ್ಯಕ್ರಮಕ್ಕೇ ಸುಮಾರು 9,000 ಪತ್ರಗಳು ಬಂದವು. ಬರಬರುತ್ತ ಆ ಸಂಖ್ಯೆ ವಾರಕ್ಕೆ 65,000ದವರೆಗೆ ಏರಿತು. ಅಷ್ಟು ಉತ್ತರಗಳನ್ನು ತಿದ್ದುವುದು ಯಾರಿಂದ ಸಾಧ್ಯ? 1954ರಲ್ಲಿ ಸ್ಪರ್ಧೆಯನ್ನು ಕೈಬಿಟ್ಟು ಶ್ರೇಯಾಂಕದ ಪದ್ಧತಿಗೆ ಬದಲಾಯಿಸಿದರು. ಅತ್ತ ಆಕಾಶವಾಣಿಯೂ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿ ಚಿತ್ರಗೀತೆಗಳಿಗೆ ಮತ್ತೆ ಬಾಗಿಲು ತೆರೆಯಿತು.

ಕೊಲಂಬೋದ ದನಿ ಸಹ್ಯಾದ್ರಿಯ ಕಾಡಿನ ಊರುಗಳನ್ನು ಹೇಗೆ ಮುಟ್ಟುತ್ತಿತ್ತು? ಶಾರ್ಟ್‌ವೇವ್ ಅಲೆಗಳು ನೆಲವನ್ನು ಹಿಡಿದು ಸಾಗುವುದಿಲ್ಲ. ಮೇಲಿನ ಅಯಾನುಗೋಲಕ್ಕೆ ಬಡಿದು ಮತ್ತೆ ಕೆಳಗಿಳಿಯುತ್ತವೆ. ಆದ್ದರಿಂದ ಬೆಟ್ಟವೂ ಕಣಿವೆಯೂ ಅವಕ್ಕೆ ಅಡ್ಡಿಯಲ್ಲ. ಆದರೆ ಅಯಾನುಗೋಲ ಸದಾ ಒಂದೇ ಸಮನಿರುವುದಿಲ್ಲ. ದನಿ ಏರುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ಹಾಡಿನ ಹೆಸರು ಹೇಳುವ ಹೊತ್ತಿಗೇ ಮಾಯವಾಗುತ್ತದೆ. ಆಗ ಕೇಳುಗರಿಗೆ ಉಳಿಯುವುದು ಊಹೆಯೊಂದೇ. ಹತ್ತಿರದ ಧಾರವಾಡದಲ್ಲಿ 1950ರ ಜನವರಿ 8ರಂದೇ ಬಾನುಲಿ ನಿಲಯ ಆರಂಭವಾಗಿತ್ತು. 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯಿಂದಾಗಿ ದಾಂಡೇಲಿ ಹಲವು ಭಾಷೆಗಳ ಕಾರ್ಮಿಕರ ಊರಾಯಿತು. 1966ರಿಂದ ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರು ನೆಲೆನಿಂತರು. ಭಾಷೆ ತಿಳಿಯದ ಹಾಡನ್ನೂ ರಾಗದಿಂದ, ತಾಳದಿಂದ ಗುರುತು ಹಿಡಿಯುವ ಕಿವಿ ಇಂಥ ಊರುಗಳಲ್ಲಿ ಬೆಳೆಯುವುದು ಸಹಜ.

ನಲವತ್ತು ವರ್ಷ ಹೆಸರಿಲ್ಲದ ರಾಕ್ ಹಾಡು

ರಾಕ್ ಸಂಗೀತದಲ್ಲಿ ಈ ಆಟದ ಅತಿ ಪ್ರಸಿದ್ಧ ಪ್ರಸಂಗ ನಡೆದದ್ದು ಜರ್ಮನಿಯಲ್ಲಿ. 1984ರ ಸುಮಾರಿಗೆ ಅಲ್ಲಿನ ಹುಡುಗನೊಬ್ಬ ರೇಡಿಯೋದಲ್ಲಿ ಬಂದ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡ. ಅದರಲ್ಲೊಂದು ರಾಕ್ ಹಾಡಿನ ಹೆಸರಾಗಲಿ ತಂಡದ ಹೆಸರಾಗಲಿ ತಿಳಿಯಲಿಲ್ಲ. 2007ರಲ್ಲಿ ಅವನ ಸೋದರಿ ಅದರ ತುಣುಕನ್ನು ಅಂತರ್ಜಾಲದಲ್ಲಿ ಇಟ್ಟು, ಬಲ್ಲವರು ಹೇಳಿ ಎಂದು ಕೇಳಿದಳು. ಮುಂದೆ ಸಾವಿರಾರು ಮಂದಿ ಹುಡುಕಾಟಕ್ಕೆ ಇಳಿದರು. ಪದಗಳು ಸ್ಪಷ್ಟವಿರಲಿಲ್ಲ, ತಾವು ತಪ್ಪಾಗಿ ಕೇಳಿಸಿಕೊಂಡ ಪದಗಳನ್ನೇ ಕೆಲವರು ಹಾಡಿನ ಹೆಸರೆಂದು ಹಿಡಿದರು. ಇಂಗ್ಲಿಷ್ ಉಚ್ಚಾರದಿಂದ ಗಾಯಕರ ದೇಶವನ್ನು ಊಹಿಸಿದರು. ಅದೇ ಕ್ಯಾಸೆಟ್ಟಿನಲ್ಲಿದ್ದ, ಹೆಸರು ಗೊತ್ತಿದ್ದ ಇತರ ಹಾಡುಗಳಿಂದ ಕಾಲವನ್ನು ನಿಗದಿ ಮಾಡಿದರು. ಕೊನೆಗೆ ಉತ್ತರದ ದಾರಿ ತೋರಿದ್ದು ಹಳೆಯ ವೃತ್ತಪತ್ರಿಕೆಯ ಒಂದು ವರದಿ. 2024ರ ನವೆಂಬರಿನಲ್ಲಿ ಅದು ಕೀಲ್ ನಗರದ 'ಫೆಕ್ಸ್' ಎಂಬ ತಂಡದ 'ಸಬ್‌ವೇಸ್ ಆಫ್ ಯುವರ್ ಮೈಂಡ್' ಎಂಬ ಹಾಡು ಎಂದು ಸ್ಥಿರಪಟ್ಟಿತು. ತಮ್ಮ ಹಾಡನ್ನು ಲೋಕವೆಲ್ಲ ಹುಡುಕುತ್ತಿದೆ ಎಂಬುದು ಆ ಕಲಾವಿದರಿಗೇ ಗೊತ್ತಿರಲಿಲ್ಲ!

ಗಮನಿಸಿ. ಕಿವಿ ದಾರಿಯನ್ನು ತೋರಿತು, ಆದರೆ ನಿರ್ಣಯ ಸಿಕ್ಕಿದ್ದು ಕಾಗದದ ಮೇಲೆ ಉಳಿದ ಬರಹದಿಂದ. ಯಾರೋ ಒಬ್ಬ ವರದಿಗಾರರು ಅಂದು ಆ ತಂಡದ ಹೆಸರು ಬರೆದಿಟ್ಟರು. ಗ್ರಂಥಭಂಡಾರವೊಂದು ಅದನ್ನು ಎಸೆಯದೆ ಕಾಪಾಡಿತು.

ಯಂತ್ರಕ್ಕೂ ತಿಳಿಯದ ಹಾಡು

'ಇನ್ನು ಇದೆಲ್ಲ ಏಕೆ, ಮೊಬೈಲ್ ಹಿಡಿದರೆ ಅದೇ ಹೇಳುತ್ತದಲ್ಲ?' ಎಂದು ನೀವು ಕೇಳಬಹುದು. 2002ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಶಾಜಾಮ್‌ನಂಥ ಸೇವೆಗಳು ಹಾಡಿನ ತುಣುಕಿನಲ್ಲಿ ಯಾವ ಕ್ಷಣದಲ್ಲಿ ಯಾವ ಸ್ವರಕಂಪನ ಪ್ರಬಲವಾಗಿದೆ ಎಂದು ಗುರುತು ಹಾಕಿಕೊಳ್ಳುತ್ತವೆ. ಅದು ಆ ಹಾಡಿನ ಬೆರಳಚ್ಚು ಇದ್ದಂತೆ. ತಮ್ಮಲ್ಲಿರುವ ಲಕ್ಷಾಂತರ ಬೆರಳಚ್ಚುಗಳ ಜೊತೆ ಅದನ್ನು ತಾಳೆ ನೋಡಿ ಹೆಸರು ಹೇಳುತ್ತವೆ. ಆದರೆ ಯಾವ ಹಾಡು ಮುದ್ರಣವಾಗಿ, ಹೆಸರಿನೊಂದಿಗೆ ಆ ಭಂಡಾರವನ್ನು ಸೇರಿಲ್ಲವೋ ಅದರ ಮುಂದೆ ಯಂತ್ರ ಮೂಕವಾಗುತ್ತದೆ.

ನಾಲ್ಕು ತಾಲ್ಲೂಕುಗಳ ಪ್ರಶ್ನೆ ಇಲ್ಲಿಯೇ ಎದುರಾಗುತ್ತದೆ. ಹಳಿಯಾಳ, ಮುಂಡಗೋಡ, ಜೋಯಿಡಾ ಭಾಗದ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಅವರಲ್ಲಿ ಹಲವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅವರ ಡಮಾಮಿ ವಾದ್ಯದ ಗತ್ತು, ಅದರ ಜೊತೆಗಿನ ಹಾಡು ಇವುಗಳಲ್ಲಿ ಎಷ್ಟು ಆಫ್ರಿಕಾದ ನೆನಪು, ಎಷ್ಟು ಈ ನೆಲದ ಕೊಂಕಣಿ, ಮರಾಠಿ, ಕನ್ನಡ ಎಂಬುದು ನಿಜವಾದ ಒಗಟು. ಜೋಯಿಡಾದ ಕುಣಬಿಗಳಲ್ಲಿ, ಹಳಿಯಾಳ ಮುಂಡಗೋಡಗಳ ಗೌಳಿಗಳಲ್ಲಿ ಅವರವರ ಹಾಡುಗಳಿವೆ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿ ಜನರು ರಾಮನಗರದಂಥ ಕಡೆಗಳಿಗೆ ಹೋಗಬೇಕಾಯಿತು. ಊರು ಚದುರಿದಾಗ ಒಟ್ಟಾಗಿ ಹಾಡುವವರೂ ಚದುರುತ್ತಾರೆ. ಇಂಥ ಹಾಡುಗಳಿಗೆ ಅಂಕಿತವಿಲ್ಲ, ತಟ್ಟೆಯ ಚೀಟಿಯೂ ಇಲ್ಲ. ಹಾಡಿದ ಅಜ್ಜಿಯೊಂದಿಗೇ ಅವುಗಳ ಗುರುತೂ ಹೋಗಿಬಿಡಬಹುದು.

ಹಾಗಾದರೆ ವಿದ್ಯಾರ್ಥಿಗಳು ಏನು ಮಾಡಬಹುದು? ಮೊದಲನೆಯದಾಗಿ, ಮನೆಯ ಅಥವಾ ಊರಿನ ಹಿರಿಯರೊಬ್ಬರಿಂದ ಒಂದು ಹಾಡನ್ನು ಕೇಳಿ, ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ. ಎರಡನೆಯದಾಗಿ, ಹಾಡಿದವರ ಹೆಸರು, ಊರು, ದಿನಾಂಕ, ಭಾಷೆ, ಯಾವ ಸಂದರ್ಭದ ಹಾಡು, ಅವರು ಯಾರಿಂದ ಕಲಿತರು ಎಂಬಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೂರನೆಯದಾಗಿ, ಅರ್ಥವಾಗದ ಪದವನ್ನು ಸರಿಪಡಿಸಲು ಹೋಗದೆ ಕೇಳಿದಂತೆಯೇ ಬರೆದಿಡಿ. ಆಮೇಲೆ ಆ ಹಾಡನ್ನು ತರಗತಿಯಲ್ಲಿ ಕೇಳಿಸಿ, ಇದು ಯಾವ ಸೀಮೆಯದು, ಯಾವ ಕೆಲಸದ ಹೊತ್ತಿನದು ಎಂದು ಗೆಳೆಯರಿಗೆ ಊಹಿಸಲು ಹೇಳಿ. ಆಟ ಮುಗಿದ ಮೇಲೆ ಹಾಳೆಯನ್ನು ತೆರೆದು ಹಾಡಿದವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿರಿ.